ಮಿಷನ್ ಶಾಲೆಗಳಲ್ಲಿ ಮಕ್ಕಳ ಆಟ ಮತ್ತು ಬಿಡುವು

ನಮ್ಮ ದೇಶದ ಆಧುನಿಕ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಮಿಷನ್ ಶಾಲೆಗಳನ್ನು ಸಾಮಾನ್ಯವಾಗಿ ನಾಲ್ಕು ಕಡೆಗಳಿಂದ ನೋಡಿದ್ದಾರೆ. ಆ ಶಾಲೆಗಳಲ್ಲಿ ಏನನ್ನು ಕಲಿಸಿದರು, ಯಾವ ಯಾವ ಜಾತಿಯ ಮಕ್ಕಳು ಅಲ್ಲಿಗೆ ಬಂದರು, ಅವರಲ್ಲಿ ಎಷ್ಟು ಮಂದಿ ಮತಾಂತರ ಹೊಂದಿದರು, ಆ ಸಂಸ್ಥೆಗಳ ಮುದ್ರಣಾಲಯಗಳಿಂದ ದೇಶಭಾಷೆಗಳಿಗೆ ಎಂತಹ ಸೇವೆ ಸಂದಿತು, ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನಗಳು ಬೇಕಾದಷ್ಟು ನಡೆದಿವೆ. ಇವೆಲ್ಲ ಮುಖ್ಯವಾದ ಪ್ರಶ್ನೆಗಳೇ. ಆದರೆ ಮಗುವಿನ ದಿನವೆಲ್ಲ ಪಾಠದಲ್ಲಿಯೇ ಕಳೆದುಹೋಗುವುದಿಲ್ಲ. ಒಂದು ಪಾಠಕ್ಕೂ ಮತ್ತೊಂದು ಪಾಠಕ್ಕೂ ನಡುವೆ, ಶಾಲೆ ಬಿಟ್ಟ ಮೇಲೆ, ಹಬ್ಬದ ದಿನ, ವಿದ್ಯಾರ್ಥಿನಿಲಯದಲ್ಲಿ ದೀಪ ಆರಿಸುವ ಮುನ್ನ, ಅದಕ್ಕೆ ಒಂದಿಷ್ಟು ಹೊತ್ತು ಉಳಿಯುತ್ತದೆ. ಆ ಹೊತ್ತು ಯಾರದು ಎಂಬ ಪ್ರಶ್ನೆಯ ಕಡೆಗೆ ನಮ್ಮ ವಿದ್ವಾಂಸರ ಗಮನ ಹರಿದಿರುವುದು ಕಡಮೆ.

ಈ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾಗಿ ತೋರಬಹುದು. ಆದರೆ ಒಂದು ಸಂಸ್ಥೆ ಮಗುವನ್ನು ಏನೆಂದು ಭಾವಿಸಿತ್ತು ಎಂಬುದು ಪಠ್ಯಪುಸ್ತಕಕ್ಕಿಂತ ಬಿಡುವಿನ ವೇಳೆಯ ನಿಯಮಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮಿಷನ್ ಶಾಲೆಗಳ ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಆಟದ ವಿಷಯವಾದ ಧೋರಣೆ ಮೂರು ಹಂತಗಳಲ್ಲಿ ಬದಲಾಯಿತು. ಮೊದಲು ಆಟವನ್ನು ಪಾಪಕ್ಕೆ ದಾರಿಯೆಂದು ನಿಷೇಧಿಸಿದರು. ಆಮೇಲೆ ಅದರ ಸ್ಥಾನದಲ್ಲಿ ಕೈಕೆಲಸವನ್ನಿಟ್ಟರು. ಕೊನೆಗೆ ಆಟವನ್ನೇ ಕರ್ತವ್ಯವೆಂದು ವಿಧಿಸಿದರು. ಈ ಮೂರು ನಿಲುವುಗಳು ಒಂದಕ್ಕೊಂದು ವಿರುದ್ಧವೆಂದು ಕಂಡರೂ ಇವುಗಳ ತಳದಲ್ಲಿ ಒಂದೇ ನಂಬಿಕೆಯಿದೆ: ಮಗುವಿನ ಬಿಡುವು ಮಗುವಿಗೆ ಸೇರಿದ್ದಲ್ಲ, ಅದಕ್ಕೆ ಹಿರಿಯರು ಲೆಕ್ಕ ಕೊಡಬೇಕು ಎಂಬ ನಂಬಿಕೆ. ಇದನ್ನು ಹಾಲೆ, ಕಿಂಗ್ಸ್‌ವುಡ್, ಮಂಗಳೂರು ಮತ್ತು ಶ್ರೀನಗರಗಳ ಶಾಲೆಗಳ ದೃಷ್ಟಾಂತದಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಜರ್ಮನಿಯ ಹಾಲೆ ಪಟ್ಟಣದಲ್ಲಿ ಆಗಸ್ಟ್ ಹೆರ್ಮನ್ ಫ್ರಾಂಕೆ (೧೬೬೩-೧೭೨೭) ಎಂಬ ಧರ್ಮಬೋಧಕರು ೧೬೯೫ರಲ್ಲಿ ಬಡಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಅದು ಅನಾಥಾಲಯ, ಮುದ್ರಣಾಲಯ, ಔಷಧಾಲಯಗಳನ್ನೊಳಗೊಂಡ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಪಯಟಿಸಂ ಎಂದು ಹೆಸರಾದ ಭಕ್ತಿಪಂಥಕ್ಕೆ ಇದೇ ಕೇಂದ್ರ. ಮನುಷ್ಯನ ಇಚ್ಛೆ ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಅದನ್ನು ಎಳೆಯ ವಯಸ್ಸಿನಲ್ಲಿಯೇ ಮುರಿದು ದೇವರ ಇಚ್ಛೆಗೆ ಒಳಪಡಿಸಬೇಕು ಎಂಬುದು ಫ್ರಾಂಕೆಯವರ ಮತ. ಆದುದರಿಂದ ಅವರ ಶಾಲೆಗಳಲ್ಲಿ ಆಟಕ್ಕೆ ಎಡೆಯಿರಲಿಲ್ಲ. ಹಾಗೆಂದು ಅಲ್ಲಿ ಬಿಡುವೇ ಇರಲಿಲ್ಲವೆಂದಲ್ಲ. ಮರದ ಕಡೆತ, ಗಾಜು ಉಜ್ಜುವುದು, ಗಿಡಮೂಲಿಕೆಗಳನ್ನು ಗುರುತಿಸುವುದಕ್ಕಾಗಿ ಉಪಾಧ್ಯಾಯರೊಡನೆ ಅಡ್ಡಾಡುವುದು, ಕುಶಲಕರ್ಮಿಗಳ ಕೆಲಸದ ಮನೆಗಳನ್ನು ನೋಡಿಬರುವುದು ಮೊದಲಾದುವು ಅಲ್ಲಿನ ವಿನೋದಗಳು. ಮನಸ್ಸಿಗೆ ವಿಶ್ರಾಂತಿ ಬೇಕು, ಆದರೆ ಅದು ಉಪಯೋಗವಿಲ್ಲದ ವಿಶ್ರಾಂತಿಯಾಗಬಾರದು ಎಂಬುದು ಇದರ ತಾತ್ಪರ್ಯ.

ಇಂಗ್ಲೆಂಡಿನಲ್ಲಿ ಇದೇ ಭಾವನೆ ಇನ್ನೂ ಕಠಿನವಾದ ರೂಪವನ್ನು ತಾಳಿತು. ಮೆಥಡಿಸ್ಟ್ ಪಂಥದ ಪ್ರವರ್ತಕರಾದ ಜಾನ್ ವೆಸ್ಲಿಯವರು ಬ್ರಿಸ್ಟಲ್ ನಗರದ ಹತ್ತಿರ, ಕಲ್ಲಿದ್ದಲಿನ ಗಣಿಗಳ ನಡುವೆ ಇದ್ದ ಕಿಂಗ್ಸ್‌ವುಡ್‌ನಲ್ಲಿ ೧೭೪೮ರಲ್ಲಿ ಒಂದು ವಸತಿಶಾಲೆಯನ್ನು ಆರಂಭಿಸಿದರು. ಚಳಿಗಾಲವಿರಲಿ, ಬೇಸಗೆಯಿರಲಿ, ಮಕ್ಕಳು ನಾಲ್ಕು ಗಂಟೆಗೆ ಏಳಬೇಕು. ಆಟಕ್ಕೆಂದು ಬಿಡುವಿನ ದಿನಗಳಿಲ್ಲ. ಯಾವ ದಿನವೂ ಆಟಕ್ಕೆಂದು ವೇಳೆಯಿಲ್ಲ. ಪಾಠವಿಲ್ಲದ ಹೊತ್ತಿನಲ್ಲಿ ತೋಟದ ಕೆಲಸ, ನಡಿಗೆ, ಹಾಡು ಇವುಗಳಿಗೆ ಮಾತ್ರ ಅವಕಾಶ. ಬಾಲ್ಯದಲ್ಲಿ ಆಡಿದವನು ದೊಡ್ಡವನಾದ ಮೇಲೂ ಆಡುತ್ತಲೇ ಇರುತ್ತಾನೆ ಎಂಬ ಅರ್ಥದ ನಾಣ್ಣುಡಿಯನ್ನು ವೆಸ್ಲಿಯವರು ಇದಕ್ಕೆ ಸಮರ್ಥನೆಯಾಗಿ ಹೇಳಿದ್ದಾರೆ. ಮಕ್ಕಳು ಯಾವಾಗಲೂ ಒಬ್ಬ ಉಪಾಧ್ಯಾಯರ ಕಣ್ಣೆದುರಿಗೇ ಇರಬೇಕೆಂಬುದೂ ಅಲ್ಲಿನ ಕಟ್ಟಳೆ.

ಈ ಕಟ್ಟಳೆ ನಡೆದದ್ದು ಎಷ್ಟರಮಟ್ಟಿಗೆ? ಇದಕ್ಕೆ ವೆಸ್ಲಿಯವರೇ ಸಾಕ್ಷಿ ನುಡಿದಿದ್ದಾರೆ. ಶಾಲೆ ಹುಟ್ಟಿದ ಮೂವತ್ತೈದು ವರ್ಷಗಳ ಮೇಲೆ, ೧೭೮೩ರಲ್ಲಿ, ಅವರು ಅದರ ಸ್ಥಿತಿಯನ್ನು ಪರಿಶೀಲಿಸಿ ಬೇಸರದಿಂದ ದೂರುಗಳ ಒಂದು ಪಟ್ಟಿಯನ್ನೇ ಮಾಡಿದರು. ಎಂದಿಗೂ ಆಡಬಾರದೆಂದು ವಿಧಿಸಿದ ಮಕ್ಕಳು ದಿನಾಲು ಆಡುತ್ತಿದ್ದಾರೆ, ಶಾಲೆಯ ಒಳಗೂ ಆಡುತ್ತಿದ್ದಾರೆ. ಅವರ ಮೇಲೆ ಯಾರ ಕಣ್ಣೂ ಇಲ್ಲದ್ದರಿಂದ ಕಾಡಿನಲ್ಲಿ ಓಡಾಡುತ್ತ, ಗಣಿಕೆಲಸಗಾರರ ಮಕ್ಕಳೊಡನೆ ಬೆರೆಯುತ್ತ, ಅವರೊಡನೆ ಜಗಳವನ್ನೂ ಆಡುತ್ತಿದ್ದಾರೆ ಎಂಬುದು ಅದರಲ್ಲಿನ ಒಂದು ದೂರು. ಚರಿತ್ರಕಾರನಿಗೆ ಈ ದೂರು ತುಂಬ ಬೆಲೆಯುಳ್ಳದ್ದು. ಕಿಂಗ್ಸ್‌ವುಡ್‌ನ ಹುಡುಗರು ಹೇಗೆ ಆಡುತ್ತಿದ್ದರೆಂದು ಹೇಳುವುದು ಶಾಲೆಯ ನಿಯಮಾವಳಿಯಲ್ಲ; ಆ ನಿಯಮಗಳನ್ನು ಅವರು ಮುರಿದರೆಂಬ ಆರೋಪ. ಆಟದ ನಿಷೇಧವನ್ನು ಆಟವಿರಲಿಲ್ಲವೆಂಬುದಕ್ಕೆ ಪ್ರಮಾಣವಾಗಿ ಎಣಿಸಬಾರದು. ಮತ್ತೆ ಮತ್ತೆ ನಿಷೇಧಿಸಬೇಕಾಗಿ ಬಂದುದು ಆಟ ಇತ್ತೆಂಬುದಕ್ಕೇ ಪ್ರಮಾಣ. ಮುಂದಿನ ವಿವೇಚನೆಯಲ್ಲಿಯೂ ಈ ಸೂತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಲೆಯಲ್ಲಿ ಶಿಕ್ಷಣ ಪಡೆದ ಬಾರ್ತೊಲೊಮೇಯುಸ್ ಸೀಗನ್‌ಬಾಲ್ಗ್ ತಮ್ಮ ಜೊತೆಗಾರರೊಡನೆ ೧೭೦೬ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದರು. ಮರುವರ್ಷವೇ ಅಲ್ಲಿ ಮಕ್ಕಳಿಗೆ ಶಾಲೆಗಳು ಹುಟ್ಟಿದುವು. ವೆಸ್ಲಿಯವರ ಅನುಯಾಯಿಗಳು ೧೮೨೦ರ ದಶಕದಲ್ಲಿ ಬೆಂಗಳೂರಿಗೆ ಬಂದರು. ಹೀಗೆ ಎರಡು ಪರಂಪರೆಗಳೂ ದಕ್ಷಿಣ ಭಾರತವನ್ನು ಮುಟ್ಟಿದುವು. ಅವು ಇಲ್ಲಿ ಏನನ್ನು ಎದುರಿಸಿದುವೆಂದು ತಿಳಿಯಬೇಕಾದರೆ ಇಲ್ಲಿನ ಮಕ್ಕಳ ಬಿಡುವು ಆ ಕಾಲದಲ್ಲಿ ಯಾವ ರೀತಿಯದಾಗಿತ್ತು ಎಂಬುದನ್ನು ಮೊದಲು ನೋಡಬೇಕು.

೨

ಮದರಾಸಿನ ಗವರ್ನರ್ ಥಾಮಸ್ ಮನ್ರೋ ಅವರ ಆಜ್ಞೆಯಂತೆ ನಡೆದ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಅವರು ೧೮೨೩ರ ಆಗಸ್ಟ್ ತಿಂಗಳಲ್ಲಿ ಒಂದು ವರದಿಯನ್ನು ಕಳುಹಿಸಿದರು. ಕನ್ನಡ ತೆಲುಗು ಎರಡೂ ಭಾಷೆಗಳನ್ನಾಡುವ ಆಗಿನ ಆ ವಿಸ್ತಾರವಾದ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರೆಂದು ಅದರಿಂದ ತಿಳಿದುಬರುತ್ತದೆ. ಇವು ಕೂಲಿಮಠವೆಂದೂ ಐಗಳ ಮಠವೆಂದೂ ನಮ್ಮ ಜನ ಕರೆಯುತ್ತಿದ್ದ ಶಾಲೆಗಳು. ಬೆಳಿಗ್ಗೆ ಆರು ಗಂಟೆಗೆ ಶಾಲೆ ಆರಂಭ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರುತ್ತಹೋಗುವುದು. ಸೋಮಾರಿಯಾದವನ ಕೈಗಳನ್ನು ಕಟ್ಟಿ ಸೂರಿಗೆ ತೂಗಹಾಕುವ ಶಿಕ್ಷೆಯನ್ನೂ ಕ್ಯಾಂಪ್‌ಬೆಲ್ ವರ್ಣಿಸಿದ್ದಾರೆ. ನಮ್ಮ ಅಜ್ಜಂದಿರು ಕೋದಂಡವೆಂದು ಕರೆಯುತ್ತಿದ್ದುದು ಇದನ್ನೇ. ಆದುದರಿಂದ ಮಿಷನ್ ಶಾಲೆಗಳು ಬರುವ ಮುನ್ನ ನಮ್ಮ ಮಕ್ಕಳು ಹಕ್ಕಿಗಳಂತೆ ಸ್ವತಂತ್ರರಾಗಿದ್ದರು ಎಂದು ಭಾವಿಸುವುದು ತಪ್ಪಾಗುತ್ತದೆ.

ಆದರೆ ಆ ಶಾಲೆಗಳ ಬಿಡುವಿಗೆ ಎರಡು ವಿಶೇಷ ಲಕ್ಷಣಗಳಿದ್ದುವು. ಒಂದನೆಯದು ಕಾಲಗಣನೆ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳನ್ನು ಅನಧ್ಯಾಯವೆಂದು ಎಣಿಸುವುದು ಪ್ರಾಚೀನ ಸಂಪ್ರದಾಯ. ಶಾಲೆಗಳ ಬಿಡುವು ಈ ತಿಥಿಗಳನ್ನೂ ಹಬ್ಬಹುಣ್ಣಿಮೆಗಳನ್ನೂ ಅನುಸರಿಸುತ್ತಿತ್ತು. ಮಗುವಿಗೆ ರಜೆ ಇದ್ದ ದಿನ ಊರಿಗೂ ಮನೆಗೂ ಏನಾದರೂ ವಿಶೇಷ ಇರುತ್ತಿತ್ತು. ಮಹಾನವಮಿಯ ಕಾಲದಲ್ಲಿ ಮಠದ ಮಕ್ಕಳು ಐಗಳೊಡನೆ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ ಕಾಣಿಕೆ ತರುತ್ತಿದ್ದರು. ಕರಾವಳಿಯಲ್ಲಿ ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಯಕ್ಷಗಾನದ ಪ್ರಸಂಗಗಳನ್ನು ಮನೆಗಳಲ್ಲಿ ನಡೆಸಿಕೊಡುವ ಬಾಲಕರ ತಂಡಗಳಿದ್ದುವು. ಇವು ಕಲಿಕೆಯೂ ಹೌದು, ವಿನೋದವೂ ಹೌದು, ಗುರುವಿನ ಜೀವನೋಪಾಯಕ್ಕೆ ಒಂದು ಆಧಾರವೂ ಹೌದು.

ಎರಡನೆಯ ಲಕ್ಷಣ ಆಟದ ಬಗೆಗೆ ಶಾಲೆಗಿದ್ದ ಔದಾಸೀನ್ಯ. ಚಿಣ್ಣಿದಾಂಡು, ಗೋಲಿ, ಬುಗುರಿ, ಮರಕೋತಿ, ಚಡುಗುಡು, ಕಣ್ಣುಮುಚ್ಚಾಲೆ ಇವೆಲ್ಲ ಬೀದಿಗೂ ತೋಪಿಗೂ ಸೇರಿದ ಆಟಗಳು. ಅವನ್ನು ಐಗಳು ಕಲಿಸಲೂ ಇಲ್ಲ, ಅವುಗಳಿಂದ ಶೀಲ ಕೆಡುತ್ತದೆಂದಾಗಲಿ ಬೆಳೆಯುತ್ತದೆಂದಾಗಲಿ ವಾದಿಸಲೂ ಇಲ್ಲ. ಹೊತ್ತಿಗೆ ಸರಿಯಾಗಿ ಬಾರದವನಿಗೆ ಬೆತ್ತ ಕಾದಿರುತ್ತಿತ್ತು. ಶಾಲೆ ಬಿಟ್ಟ ಮೇಲೆ ಅವನು ಏನು ಆಡಿದನೆಂಬುದು ಗುರುವಿನ ಚಿಂತೆಯಾಗಿರಲಿಲ್ಲ. ಆ ಆಟಗಳಿಗೂ ಅವುಗಳದೇ ಆದ ಕಟ್ಟುಗಳಿದ್ದುವೆಂಬುದು ನಿಜ. ಯಾರು ಯಾರೊಡನೆ ಆಡಬಹುದು, ಯಾರು ಯಾರನ್ನು ಮುಟ್ಟಬಹುದು ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಈ ಅಂಶ ಮುಂದೆ ಮುಖ್ಯವಾಗುತ್ತದೆ.

೩

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ೧೮೧೦ರಲ್ಲಿಯೇ ಬಳ್ಳಾರಿಯಲ್ಲಿ ನೆಲಸಿ ಶಾಲೆಗಳನ್ನು ತೆರೆದಿದ್ದರು. ಆದರೆ ಮಕ್ಕಳ ಇಡೀ ದಿನವನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡ ಶಾಲೆಯನ್ನು ಕಾಣಬೇಕಾದರೆ ಕರಾವಳಿಗೆ ಹೋಗಬೇಕು. ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿಗೆ ಮುಖ್ಯ ಬೆಂಬಲ ಬಂದದ್ದು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಪಯಟಿಸ್ಟ್ ಕುಟುಂಬಗಳಿಂದ. ಅದರ ಮೊದಲ ಮೂವರು ಪ್ರಚಾರಕರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೬ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಅವರು ಕನ್ನಡಿಗರಿಗೆ ಮಂಗಳೂರ ಸಮಾಚಾರದ ಸಂಪಾದಕರೆಂದು ಪರಿಚಿತರು. ಆದರೆ ಅವರು ತಮ್ಮ ಶ್ರಮದ ದೊಡ್ಡ ಭಾಗವನ್ನು ಮೀಸಲಿಟ್ಟದ್ದು ಬಾಲಕರ ವಸತಿಶಾಲೆಗೆ. ಹಾಲೆಯಲ್ಲಿ ಕಂಡ ಭಾವನೆ, ನೂರು ವರ್ಷಗಳ ಅನಂತರ, ವ್ಯುರ್ಟೆಂಬರ್ಗಿನ ಹಳ್ಳಿಗಳ ದಾರಿಯಾಗಿ ತುಳುನಾಡಿಗೆ ಬಂದದ್ದು ಹೀಗೆ.

ವಸತಿಶಾಲೆಯ ದಿನಚರಿ ಮುಂಜಾನೆಯ ಪ್ರಾರ್ಥನೆಯಿಂದ ಸಂಜೆಯ ಪ್ರಾರ್ಥನೆಯವರೆಗೆ ಗಂಟೆಯ ಲೆಕ್ಕದಲ್ಲಿ ಹಂಚಿಕೆಯಾಗಿತ್ತು. ಪಾಠವಿಲ್ಲದ ವೇಳೆಗೆ ಕೈಕೆಲಸವಿತ್ತು. ಬಾಸೆಲ್ ನಗರದ ತರಬೇತಿಶಾಲೆಯಲ್ಲಿ ಮಿಷನರಿಗಳೂ ಓದಿನ ನಡುವೆ ತೋಟದ ಕೆಲಸ ಮೊದಲಾದ ದೈಹಿಕ ಶ್ರಮ ಮಾಡಿಯೇ ಬೆಳೆದವರು; ಅದನ್ನು ಅವರು ಶಿಕ್ಷೆಯೆಂದು ಎಣಿಸಿರಲಿಲ್ಲ, ಓದಿನ ಆಯಾಸಕ್ಕೆ ಪರಿಹಾರವೆಂದೇ ಎಣಿಸಿದ್ದರು. ಮಂಗಳೂರಿನಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಸೇರಿತು. ಮತಾಂತರ ಹೊಂದಿದವರಲ್ಲಿ ಅನೇಕರು ಜಾತಿಯಿಂದ ಹೊರಬಿದ್ದು ಹೊಲಮನೆಗಳ ಆಸರೆಯನ್ನು ಕಳೆದುಕೊಂಡಿದ್ದರು. ಅವರ ಜೀವನಕ್ಕಾಗಿ ಮಿಷನ್ನು ನೇಯ್ಗೆಯ ಕೆಲಸವನ್ನೂ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿತು. ಶಾಲೆಯ ಹುಡುಗನ ಮುಂದಿನ ಬದುಕು ಹೆಚ್ಚಾಗಿ ಮಗ್ಗದ ಮುಂದೆಯೋ ಹೆಂಚಿನ ಗೂಡಿನ ಹತ್ತಿರವೋ ನಡೆಯಬೇಕಾಗಿತ್ತು. ಆದುದರಿಂದ ಬಿಡುವಿನ ವೇಳೆಯ ಕೈಕೆಲಸ ಧರ್ಮಶಿಕ್ಷಣವೂ ಆಯಿತು, ವೃತ್ತಿಶಿಕ್ಷಣವೂ ಆಯಿತು. ಇದನ್ನು ಕೇವಲ ನಿಷ್ಠುರತೆಯೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅನ್ನದ ದಾರಿಯನ್ನು ಕಳೆದುಕೊಂಡ ಕುಟುಂಬದ ಮಗುವಿಗೆ ಒಂದು ಕಸಬು ದೊರಕುವುದು ಸಣ್ಣ ಸಂಗತಿಯಲ್ಲ.

ಆದರೆ ಆ ಮಗು ಕಳೆದುಕೊಂಡದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವನ ಬಿಡುವು ತಿಥಿಯನ್ನು ಬಿಟ್ಟು ವಾರವನ್ನು ಹಿಡಿಯಿತು. ಏಳನೆಯ ದಿನ ಬರುವ ಭಾನುವಾರದಲ್ಲಿ ಪಾಠವಿರಲಿಲ್ಲ. ಆದರೆ ಅದು ದೇವರ ದಿನವಾದುದರಿಂದ ಆಟಕ್ಕೂ ಅದು ಸಲ್ಲುತ್ತಿರಲಿಲ್ಲ. ನವರಾತ್ರಿ, ದೀಪಾವಳಿ, ಭೂತದ ಕೋಲ, ರಥೋತ್ಸವಗಳೆಲ್ಲ ಅನ್ಯಧರ್ಮದ ಆಚರಣೆಗಳೆಂದು ಅವನಿಗೆ ಹೊರತಾದುವು. ನೆರೆಮನೆಯ ಮಕ್ಕಳ ಸಂಭ್ರಮದ ದಿನ ಅವನಿಗೆ ಕೆಲಸದ ದಿನ. ಅವನ ಬಿಡುವಿನ ದಿನ ನೆರೆಯವರಿಗೆ ದುಡಿಮೆಯ ದಿನ. ಆಟದ ಸಂಗಾತಿಗಳನ್ನು ದೂರಮಾಡುವುದಕ್ಕೆ ಬೇರೆ ನಿಷೇಧವೇ ಬೇಕಾಗಿರಲಿಲ್ಲ. ಪಂಚಾಂಗ ಬದಲಾದುದೇ ಸಾಕಾಗಿತ್ತು. ಅದರ ಬದಲಿಗೆ ಕ್ರಿಸ್ಮಸ್ ಹಬ್ಬದ ಸಡಗರವೂ ಸಾಮೂಹಿಕ ಗಾಯನದ ಹೊಸ ಅಭ್ಯಾಸವೂ ಅವನಿಗೆ ದೊರೆತುವು.

ಹೆಣ್ಣುಮಕ್ಕಳ ಶಾಲೆಗಳಲ್ಲಿ ಬಿಡುವು ಇನ್ನೂ ಸಂಕುಚಿತವಾಗಿತ್ತು. ಮೂಲ್ಕಿಯಂತಹ ಕಡೆ ಬಾಸೆಲ್ ಮಿಷನ್ ನಡೆಸಿದ ಬಾಲಿಕೆಯರ ವಸತಿಗೃಹಗಳಲ್ಲಿ ಹೊಲಿಗೆಗೂ ಮನೆಗೆಲಸಕ್ಕೂ ದಿನದ ದೊಡ್ಡ ಪಾಲು ಸಲ್ಲುತ್ತಿತ್ತು. ಹೊಲಿಗೆಗೆ ಒಂದು ಗುಣವಿದೆ: ಅದನ್ನು ಪಾಠವೆಂದೂ ಕರೆಯಬಹುದು, ಕೆಲಸವೆಂದೂ ಕರೆಯಬಹುದು, ವಿನೋದವೆಂದೂ ಕರೆಯಬಹುದು. ಹೀಗಾಗಿ ಹುಡುಗಿಯ ದಿನದಲ್ಲಿ ಬಿಡುವು ಎಲ್ಲಿ ತೊಡಗಿತು, ಎಲ್ಲಿ ಮುಗಿಯಿತು ಎಂದು ಹೇಳುವುದೇ ಕಷ್ಟ. ಯೂರೋಪಿನ ಚರ್ಚುಗಳ ಮಹಿಳೆಯರು ಭಾರತದ ಮಿಷನ್ ಶಾಲೆಗಳ ಬಾಲಿಕೆಯರಿಗೆ ಕ್ರಿಸ್ಮಸ್ ಬಹುಮಾನವಾಗಿ ಗೊಂಬೆಗಳನ್ನು ಕಳುಹಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹರಡಿತ್ತು. ಶಾಲೆಗೆ ತಪ್ಪದೆ ಬಂದುದಕ್ಕೂ ಪಾಠ ಒಪ್ಪಿಸಿದುದಕ್ಕೂ ದೊರೆಯುತ್ತಿದ್ದ ಈ ಆಟದ ವಸ್ತು ಹಾಜರಿಯ ಲೆಕ್ಕಕ್ಕೆ ಸೇರಿತ್ತು. ಆಟಿಯ ತಿಂಗಳ ಮಳೆಯಲ್ಲಿ ಜಗುಲಿಯ ಮೇಲೆ ಕುಳಿತು ಚೆನ್ನೆಮಣೆ ಆಡುವ ತುಳುನಾಡಿನ ಹೆಣ್ಣುಮಕ್ಕಳಿಗೆ ಅಂತಹ ಲೆಕ್ಕವಿರಲಿಲ್ಲ.

ಇಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಶಾಲೆ ಒಳಕ್ಕೆ ಬಿಟ್ಟುಕೊಳ್ಳದ ಆಟವನ್ನು ಮಿಷನರಿಯ ಪಾಂಡಿತ್ಯ ಬಿಟ್ಟುಕೊಂಡಿತು. ಇದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಅವರು ೧೮೯೪ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯಗಳ ಶಬ್ದಗಳ ಜೊತೆಗೆ ಮನೆ, ಹೊಲ, ಬೀದಿಗಳ ಶಬ್ದಗಳೂ ಬುಗುರಿಯಂತಹ ಮಕ್ಕಳ ಆಟದ ಶಬ್ದಗಳೂ ಸ್ಥಾನ ಪಡೆದಿವೆ. ಭಾಷೆಯನ್ನು ಪೂರ್ತಿಯಾಗಿ ಕಲಿಯಬೇಕೆಂಬ ಶ್ರದ್ಧೆ ಮಕ್ಕಳ ಬಾಯಿಯ ಮಾತನ್ನೂ ಸಂಗ್ರಹಿಸುವಂತೆ ಮಾಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜೆ ಮಂಗೇಶರಾಯರು (೧೮೭೪-೧೯೩೭) ಸಿದ್ಧಪಡಿಸಿದ ಪದ್ಯಪುಸ್ತಕಗಳು ಇದೇ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದುವು. ಮಗು ಕುಣಿಯುತ್ತ ಹೇಳಬಹುದಾದ ಪದ್ಯಗಳು ಆ ಮೂಲಕ ಕನ್ನಡ ಶಾಲೆಗಳನ್ನು ಸೇರಿದುವು. ಆಟ ಶಾಲೆಯ ಅಂಗಳದಿಂದ ಬಾರದೆ ಪಠ್ಯಪುಸ್ತಕದ ದಾರಿಯಿಂದ ಒಳಗೆ ಬಂದಿತೆಂದು ಹೇಳಬಹುದು.

೪

ಇಷ್ಟರಲ್ಲಿ ಬ್ರಿಟನ್ನಿನಲ್ಲಿ ಆಟದ ಬಗೆಗಿನ ಅಭಿಪ್ರಾಯವೇ ತಿರುಗಿತ್ತು. ಗ್ಲಾಸ್ಗೋ ನಗರದ ಡೇವಿಡ್ ಸ್ಟೋ (೧೭೯೩-೧೮೬೪) ಅವರು ಆಟದ ಬಯಲನ್ನು ಶಾಲೆಯ ಮುಖ್ಯ ಭಾಗವನ್ನಾಗಿ ಮಾಡಿದರು. ಅದು ಸೂರಿಲ್ಲದ ಪಾಠಶಾಲೆಯೆಂದು ಅವರ ಭಾವನೆ. ಮಗುವಿನ ನಿಜವಾದ ಸ್ವಭಾವ ಅಲ್ಲಿ ಹೊರಬೀಳುತ್ತದೆ, ಉಪಾಧ್ಯಾಯರು ಅದನ್ನು ಕಂಡುಕೊಂಡು ತಿದ್ದಬೇಕು. ಅನಂತರ ಶ್ರೀಮಂತರ ವಸತಿಶಾಲೆಗಳಲ್ಲಿ ಕ್ರಿಕೆಟ್, ಕಾಲ್ಚೆಂಡು, ದೋಣಿಪಂದ್ಯಗಳು ಪ್ರಬಲವಾದುವು. ಇದಕ್ಕೆ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯ ಥಾಮಸ್ ಆರ್ನಲ್ಡರೇ ಕಾರಣರೆಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಆರ್ನಲ್ಡರ ಆಸಕ್ತಿ ಹೆಚ್ಚಾಗಿ ಧರ್ಮ ಮತ್ತು ಶಿಸ್ತುಗಳಲ್ಲಿತ್ತು. ಆಟಕ್ಕೆ ಆ ಕೀರ್ತಿ ಬಂದದ್ದು ಅವರ ಶಿಷ್ಯ ಥಾಮಸ್ ಹ್ಯೂಸ್ ೧೮೫೭ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ. ದೇಹಬಲ, ಧೈರ್ಯ, ತಂಡಕ್ಕಾಗಿ ತನ್ನನ್ನು ಮರೆಯುವುದು ಇವು ಕ್ರೈಸ್ತನ ಸದ್ಗುಣಗಳೇ ಎಂಬ ವಾದ ಅಲ್ಲಿಂದ ಬಲವಾಯಿತು. ಶತಮಾನದ ಕೊನೆಯ ವೇಳೆಗೆ ಕೇಂಬ್ರಿಜ್ ಮೊದಲಾದ ವಿಶ್ವವಿದ್ಯಾನಿಲಯಗಳಿಂದ ಹೊರಟ ಮಿಷನರಿಗಳಲ್ಲಿ ಹಲವರು ಈ ವಾದದ ನೆರಳಿನಲ್ಲಿ ಬೆಳೆದವರು. ಅವರಲ್ಲಿ ಒಬ್ಬರ ಶಾಲೆ ಈ ಮೂರನೆಯ ಹಂತಕ್ಕೆ ಒಳ್ಳೆಯ ನಿದರ್ಶನ.

೫

ಕಾಶ್ಮೀರದ ಶ್ರೀನಗರದಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಬಾಲಕರ ಶಾಲೆಯನ್ನು ೧೮೮೦ರ ದಶಕದ ಆರಂಭದಲ್ಲಿ ತೆರೆದವರು ಹಿಂಟನ್ ನೋಲ್ಸ್ ಎಂಬವರು. ಕಾಶ್ಮೀರಿ ಗಾದೆಗಳನ್ನೂ ಜನಪದ ಕಥೆಗಳನ್ನೂ ಸಂಗ್ರಹಿಸಿದ ವಿದ್ವಾಂಸರೂ ಇವರೇ. ಅಲ್ಲಿಗೆ ೧೮೯೦ರಲ್ಲಿ ಸೆಸಿಲ್ ಟಿಂಡೇಲ್-ಬಿಸ್ಕೋ (೧೮೬೩-೧೯೪೯) ಬಂದರು. ೧೮೮೪ರಲ್ಲಿ ಆಕ್ಸ್‌ಫರ್ಡಿನ ವಿರುದ್ಧ ಗೆದ್ದ ಕೇಂಬ್ರಿಜ್ ದೋಣಿಗೆ ಚುಕ್ಕಾಣಿ ಹಿಡಿದಿದ್ದವರು ಇವರು. ಆಗ ಶಾಲೆಯ ಹುಡುಗರಲ್ಲಿ ಹೆಚ್ಚಿನವರು ಕಾಶ್ಮೀರಿ ಪಂಡಿತ ಕುಟುಂಬಗಳವರು. ಪರೀಕ್ಷೆ ಮುಗಿಸಿ ಸರ್ಕಾರದ ಗುಮಾಸ್ತಿಕೆಯನ್ನು ಸೇರುವುದು ಅವರ ಗುರಿ. ದೇಹಶ್ರಮ ಕೂಲಿಗಳಿಗೂ, ಹುಟ್ಟುಹಾಕುವುದು ಅಂಬಿಗರಿಗೂ ಸೇರಿದ್ದೆಂದು ಅವರ ಮನೆಗಳಲ್ಲಿ ಎಣಿಕೆ.

೧೮೯೧ರಲ್ಲಿ ಬಿಸ್ಕೋ ಅವರು ಮುಂಬಯಿಯಿಂದ ಒಂದು ತೊಗಲಿನ ಚೆಂಡನ್ನು ತಂದರು. ಅನಂತರ ನಡೆದುದನ್ನು ಅವರೇ ಬರೆದಿದ್ದಾರೆ; ಅದರ ಸಾರಾಂಶ ಇಷ್ಟು. ಚೆಂಡು ಚರ್ಮದ್ದೆಂದು ತಿಳಿದೊಡನೆ ಹುಡುಗರು ಅದನ್ನು ಮುಟ್ಟಲೊಲ್ಲೆವೆಂದರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರನ್ನು ಬಯಲಿಗೆ ನಡೆಸಿಕೊಂಡು ಹೋಗುವುದಕ್ಕೆ ಉಪಾಧ್ಯಾಯರು ಕೋಲುಗಳನ್ನು ಹಿಡಿದು ದಾರಿಯುದ್ದಕ್ಕೂ ಕಾವಲಾದರು. ಊರಿನ ಜನ ಹಿಂದೆ ನೆರೆಯಿತು. ಸೀಟಿ ಊದಿದರೂ ಯಾರೂ ಒದೆಯಲಿಲ್ಲ. ಸ್ವಲ್ಪ ವೇಳೆ ಗಡುವು ಕೊಟ್ಟು, ಆಮೇಲೆ ಕೋಲುಗಳು ಮುಂದೆ ಬಂದಾಗ ಆಟ ಆರಂಭವಾಯಿತು. ಉದ್ದನೆಯ ಫೆರನ್ ನಿಲುವಂಗಿಗಳಲ್ಲಿ ಕಾಲು ತೊಡರುತ್ತಿದ್ದುವು. ಮರದ ಪಾದುಕೆಗಳೂ ರುಮಾಲುಗಳೂ ಗಾಳಿಯಲ್ಲಿ ಹಾರಿದುವು. ನಡುವೆ ಚೆಂಡು ಒಬ್ಬ ಹುಡುಗನ ಮುಖಕ್ಕೆ ಬಡಿಯಿತು. ಮೈಲಿಗೆಯಾಯಿತೆಂದು ಅವನು ಅಳತೊಡಗಿದನು, ಎಲ್ಲರೂ ನಿಂತರು. ಅವನನ್ನು ಕಾಲುವೆಗೆ ಕರೆದುಕೊಂಡು ಹೋಗಿ ಮುಖ ತೊಳೆಸಿ ಎಂದು ಬಿಸ್ಕೋ ಹೇಳಿದರು. ಮುಖ ತೊಳೆದು ಅವರು ಹಿಂದಿರುಗಿದ ಮೇಲೆ ಆಟ ಮುಂದುವರಿಯಿತು.

ಅನಂತರದ ವರ್ಷಗಳಲ್ಲಿ ದೋಣಿ ನಡೆಸುವುದು, ಈಜು, ಪರ್ವತಾರೋಹಣ, ಮುಷ್ಟಿಯುದ್ಧಗಳು ಆ ಶಾಲೆಯ ಶಿಕ್ಷಣದ ಅಂಗಗಳಾದುವು. ಓದಿಗೆ ಮಾತ್ರವಲ್ಲದೆ ದೇಹಕ್ಕೂ ನಡತೆಗೂ ಅಂಕಗಳನ್ನು ಕೊಡುವ ಪದ್ಧತಿ ಬಂದಿತು. ಝೇಲಂ ನದಿ ನಡುವೆ ಹರಿಯುವ, ಸುತ್ತಲೂ ಸರೋವರಗಳಿರುವ ಆ ಊರಿನಲ್ಲಿ ನೀರಿನ ಅಪಘಾತಗಳು ಸಾಮಾನ್ಯ. ಆದುದರಿಂದ ಗೊತ್ತಾದ ವಯಸ್ಸಿನೊಳಗೆ ಈಜು ಕಲಿಯದ ಹುಡುಗನ ಶುಲ್ಕವನ್ನು ಏರಿಸುತ್ತಿದ್ದರು. ಹುಡುಗರು ನೀರಿಗೆ ಬಿದ್ದವರನ್ನು ಎತ್ತಿದರು, ಬೆಂಕಿ ಬಿದ್ದ ಕಡೆ ಆರಿಸುವುದಕ್ಕೆ ಓಡಿದರು, ಕಾಲರಾ ಬಂದಾಗ ಸೇವೆಗೆ ನಿಂತರು, ಆಸ್ಪತ್ರೆಯ ರೋಗಿಗಳನ್ನು ಶಾಲೆಯ ದೋಣಿಗಳಲ್ಲಿ ಸರೋವರದ ಮೇಲೆ ಸುತ್ತಾಡಿಸಿದರು. ಬಿಡುವಿನ ವೇಳೆಯೇ ಪರೋಪಕಾರದ ವೇಳೆಯಾಯಿತು. ೧೯೧೨ರಲ್ಲಿ ಅದೇ ಊರಿನಲ್ಲಿ ಬಾಲಿಕೆಯರ ಶಾಲೆಯೂ ಆರಂಭವಾಯಿತು. ಮತಾಂತರಗೊಂಡವರ ಸಂಖ್ಯೆ ಅತ್ಯಲ್ಪ. ಶಾಲೆ ಅದನ್ನು ತನ್ನ ಯಶಸ್ಸಿನ ಅಳತೆಗೋಲೆಂದು ಇಟ್ಟುಕೊಳ್ಳಲಿಲ್ಲ. ವಾಯವ್ಯ ಗಡಿಯ ಬನ್ನುವಿನಲ್ಲಿ ವೈದ್ಯರಾಗಿದ್ದ ಥಿಯೊಡೋರ್ ಪೆನ್ನೆಲ್ (೧೮೬೭-೧೯೧೨) ಅವರೂ ತಮ್ಮ ಮಿಷನ್ ಶಾಲೆಯಲ್ಲಿ ಇದೇ ಹಾದಿಯನ್ನು ಹಿಡಿದು, ೧೯೦೬ರಲ್ಲಿ ವಿದ್ಯಾರ್ಥಿಗಳ ಕಾಲ್ಚೆಂಡು ತಂಡವೊಂದನ್ನು ಉತ್ತರ ಭಾರತದಲ್ಲೆಲ್ಲ ಸಂಚಾರಕ್ಕೆ ಕರೆದೊಯ್ದರು.

೬

ಈ ಸಂಗತಿಗಳಿಗೆ ಬೆಲೆಕಟ್ಟುವುದು ಹೇಗೆ? ಒಂದು ಪಕ್ಷವನ್ನು ಸುಲಭವಾಗಿ ಹೇಳಬಹುದು. ಚರ್ಮವನ್ನು ಮುಟ್ಟಿದರೆ ಮೈಲಿಗೆ, ಹುಟ್ಟು ಹಿಡಿದರೆ ಕೀಳುತನ ಎಂಬ ಭಾವನೆ ಆ ಚರ್ಮವನ್ನು ಹದಮಾಡುವವನನ್ನೂ ದೋಣಿ ನಡೆಸುವವನನ್ನೂ ಕೀಳೆಂದು ಎಣಿಸುವ ಭಾವನೆಯೇ. ಅದನ್ನು ಉಪದೇಶದಿಂದ ಅಲುಗಿಸುವುದು ಕಷ್ಟವಾಗಿತ್ತು. ಒಂದು ಚೆಂಡು ಅದನ್ನು ಅಲುಗಿಸಿತು. ಮುಳುಗುವವನನ್ನು ಎತ್ತಿದ ಹುಡುಗ ಅವನ ಕುಲವನ್ನು ಕೇಳಿದವನಲ್ಲ. ಬೀದಿಯ ಆಟಗಳು ಜಾತಿಯ ಮೇರೆಗಳನ್ನು ಹೆಚ್ಚಾಗಿ ಇದ್ದಂತೆಯೇ ಒಪ್ಪಿಕೊಂಡಿದ್ದುವೆಂಬುದನ್ನು ಮೇಲೆ ಕಂಡಿದ್ದೇವೆ. ಆ ದೃಷ್ಟಿಯಿಂದ ಶ್ರೀನಗರದ ಬಯಲಿನಲ್ಲಿ ನಡೆದದ್ದು ಒಂದು ಸಾಮಾಜಿಕ ಸುಧಾರಣೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಕಥೆಯನ್ನು ನಾವು ಕೇಳುತ್ತಿರುವುದು ಕೋಲು ಹಿಡಿಸಿದವರ ಬಾಯಿಂದ ಎಂಬುದನ್ನು ಮರೆಯಬಾರದು. ಇಂಗ್ಲೆಂಡಿನ ಓದುಗರಿಗಾಗಿ, ಮಿಷನ್ನಿಗೆ ದಾನ ಕೊಡುವವರಿಗಾಗಿ ಅದನ್ನು ಹಾಸ್ಯವಾಗಿ ಹೇಳಿದೆ. ಹಾರುವ ರುಮಾಲುಗಳು ಆ ಹಾಸ್ಯಕ್ಕೆ ಸಾಮಗ್ರಿ. ಮುಖಕ್ಕೆ ಚೆಂಡು ಬಡಿದ ಹುಡುಗ ಆ ಸಂಜೆ ಮನೆಗೆ ಹೋಗಿ ಅಜ್ಜಿಯ ಮುಂದೆ ಏನೆಂದು ಹೇಳಿಕೊಂಡನು? ಅವನಿಗೆ ಅದು ಬಿಡುಗಡೆಯಾಗಿತ್ತೆ, ಅವಮಾನವಾಗಿತ್ತೆ? ಕಾಲುವೆಯ ನೀರಿನಿಂದ ತೊಳೆದುಹೋದದ್ದು ಯಾವುದು, ಉಳಿದದ್ದು ಯಾವುದು? ಬಳ್ಳಾರಿಯ ಐಗಳು ಕೋಲು ಹಿಡಿದದ್ದು ಪಾಠಕ್ಕೆ ಬಾರದವನಿಗಾಗಿ. ಇಲ್ಲಿ ಕೋಲು ಬಂದದ್ದು ಆಡದವನಿಗಾಗಿ. ಕಿಂಗ್ಸ್‌ವುಡ್‌ನಲ್ಲಿ ಆಡಿದವನು ತಪ್ಪಿತಸ್ಥ. ಶ್ರೀನಗರದಲ್ಲಿ ಆಡದವನು ತಪ್ಪಿತಸ್ಥ. ಎರಡೂ ಕಡೆ ಹಿರಿಯರ ಉದ್ದೇಶ ಪ್ರಾಮಾಣಿಕವಾದದ್ದು, ಎರಡೂ ಕಡೆ ತೀರ್ಪು ಹಿರಿಯರದೇ.

ಹಾಗಾದರೆ ಬಲಾತ್ಕಾರದಿಂದ ಬಂದ ಆಟ ಆಟವೇ ಅಲ್ಲವೆನ್ನಬೇಕೆ? ಇಲ್ಲಿಯೂ ಎಚ್ಚರಿಕೆ ಅಗತ್ಯ. ಮೊದಲ ದಿನ ಕೋಲಿನ ಭಯಕ್ಕೆ ಒದೆದ ಚೆಂಡನ್ನು ಮುಂದೆ ಹುಡುಗರು ತಾವಾಗಿಯೇ ಒದೆದರು. ಕಾಶ್ಮೀರದಲ್ಲಿ ಕಾಲ್ಚೆಂಡು ಜನಪ್ರಿಯವಾದ ಆಟವಾಗಿ ನೆಲಸಿತು. ಕಿಂಗ್ಸ್‌ವುಡ್‌ನ ಹುಡುಗರು ನಿಷೇಧವನ್ನು ದಾಟಿ ಆಟವನ್ನು ತಮ್ಮದಾಗಿ ಮಾಡಿಕೊಂಡಂತೆ ಶ್ರೀನಗರದ ಹುಡುಗರು ಆಜ್ಞೆಯನ್ನು ದಾಟಿ ಆಟವನ್ನು ತಮ್ಮದಾಗಿ ಮಾಡಿಕೊಂಡರು. ಸಂಸ್ಥೆಗಳು ಆಟಕ್ಕೆ ಏನೇನು ಅರ್ಥ ಹೇಳಿದರೂ ಮಕ್ಕಳು ಅದರಿಂದ ಬೇರೆ ಏನನ್ನೋ ಪಡೆದುಕೊಳ್ಳುತ್ತಾರೆ. ಆ ಬೇರೆಯದರ ಚರಿತ್ರೆಯನ್ನು ಬರೆಯುವುದು ಕಷ್ಟ. ಆದರೆ ಅದು ನಡೆಯಿತೆಂಬುದನ್ನು ಕಡೆಗಣಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

೭

ಇಪ್ಪತ್ತನೆಯ ಶತಮಾನದಲ್ಲಿ ಈ ಮೂರನೆಯ ಧೋರಣೆ ಮಿಷನ್ ಶಾಲೆಗಳ ಮೇರೆಯನ್ನು ದಾಟಿ ಸಾರ್ವತ್ರಿಕವಾಯಿತು. ವೈ.ಎಂ.ಸಿ.ಎ. ಸಂಸ್ಥೆಯ ಪರವಾಗಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ೧೯೨೦ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ತರಬೇತಿಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ತರಬೇತಿ ಪಡೆದ ಉಪಾಧ್ಯಾಯರು ದಕ್ಷಿಣ ಭಾರತದ ಶಾಲೆಗಳಿಗೆ ಹೋದರು. ಆಟಕ್ಕೆ ವೇಳಾಪಟ್ಟಿಯಲ್ಲಿ ಒಂದು ಅವಧಿ, ಒಬ್ಬ ಉಪಾಧ್ಯಾಯ, ಒಂದು ದಾಖಲೆಪುಸ್ತಕ ಬಂದುವು. ಬೀದಿಯ ಚಡುಗುಡು, ಖೊ ಖೊ ಆಟಗಳೂ ಮಹಾರಾಷ್ಟ್ರದ ವ್ಯಾಯಾಮಸಂಸ್ಥೆಗಳ ಪ್ರಯತ್ನದಿಂದ ಬರೆಹದ ನಿಯಮಗಳನ್ನು ಪಡೆದು ಶಾಲೆಯ ಅಂಗಳವನ್ನು ಸೇರಿದುವು. ಇಂದು ನಮ್ಮ ಶಾಲೆಗಳಲ್ಲಿ ಆಟದ ಅವಧಿಯಿಲ್ಲದ ವೇಳಾಪಟ್ಟಿ ಅಪೂರ್ವ. ಆ ಅವಧಿಯನ್ನು ಪರೀಕ್ಷೆಯ ಕಾಲದಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ತೆಗೆದುಕೊಳ್ಳುವ ಅಭ್ಯಾಸವೂ ಅಪರಿಚಿತವಲ್ಲ. ಬಿಡುವನ್ನು ಕೊಡುವವರೂ ಹಿರಿಯರು, ಹಿಂದಕ್ಕೆ ಪಡೆಯುವವರೂ ಹಿರಿಯರು ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಈ ವಿಷಯದಲ್ಲಿ ನಮ್ಮ ನಾಡಿನ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಬಹಳವಿದೆ. ಮಿಷನ್ನುಗಳ ವಾರ್ಷಿಕ ವರದಿಗಳನ್ನು ಓದುವಾಗ ಅವುಗಳ ಸಾಧನೆಯ ಪುಟಗಳಷ್ಟೇ ದೂರಿನ ಪುಟಗಳನ್ನೂ ಗಮನಿಸಬೇಕು. ತಡವಾಗಿ ಬಂದವರು, ಹೇಳದೆ ಹಬ್ಬಕ್ಕೆ ಹೋದವರು, ತೋಪಿನಲ್ಲಿ ಸಿಕ್ಕಿಬಿದ್ದವರು ಅಲ್ಲಿ ಹೆಸರಿಲ್ಲದೆ ಹಾದುಹೋಗುತ್ತಾರೆ. ಶಾಲೆಗಳ ಹಾಜರಿಪುಸ್ತಕದಲ್ಲಿ ಜಾತ್ರೆಯ ವಾರದ ಗೈರುಹಾಜರಿಯನ್ನು ಊರಿನ ಪಂಚಾಂಗದೊಡನೆ ಹೋಲಿಸಿ ನೋಡಬಹುದು. ಹಳೆಯ ನಿಘಂಟುಗಳಲ್ಲಿನ ಆಟದ ಶಬ್ದಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಎಷ್ಟು ಇನ್ನೂ ಮಕ್ಕಳ ಬಾಯಿಯಲ್ಲಿವೆ ಎಂದು ಪರೀಕ್ಷಿಸಬಹುದು. ವಸತಿಶಾಲೆಗಳಲ್ಲಿ ಬೆಳೆದ ವೃದ್ಧರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಯಾವ ಪಾಠ ಓದಿದಿರಿ ಎಂದು ಕೇಳುವವರು ಉಂಟು. ಸಂಜೆ ಐದು ಗಂಟೆಗೆ ಎಲ್ಲಿರುತ್ತಿದ್ದಿರಿ, ಯಾರೊಡನೆ ಆಡುತ್ತಿದ್ದಿರಿ, ಯಾರಿಗೆ ಹೆದರಿ ಓಡಿಬರುತ್ತಿದ್ದಿರಿ ಎಂದೂ ಕೇಳಿ ಬರೆದಿಡುವುದು ಅಗತ್ಯ.